ಅಳು ಕಲಿತ ಹುಡುಗಿ

ಚಿಕ್ಕಬಾಣಾವರ
೮ ಫೆಬ್ರವರಿ ೨೦೧೫, ಭಾನುವಾರ

ಪ್ರೀತಿಯ ಪ್ರಿಯಾಂಕಾ,

ನಾನು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ ಎಂದು ಶುರು ಮಾಡುವುದು ವಾಡಿಕೆ. ಈ ಸಲ ಮೊದಲರ್ಧ ಬಿಟ್ಟು ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ಕಾಗದ ನೋಡಿ ನಿನಗೆ ನಗು ಬಂದಿರುತ್ತದೆ. ಫೋನಿರುವಾಗ ಇವಳಿಗೆ ಇದೇನು ಬಂತು ಎಂದು ಮೆಸ್ಸಿನಲ್ಲಿ ಎಲ್ಲರಿಗೂ ತೋರಿಸಲು ಹೊರಟಿರುತ್ತೀಯ. ತೋರಿಸಬೇಡ. ಫೋನನ್ನು ಆಫ್ ಮಾಡಿ ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದೇನೆ. ಆನ್ ಮಾಡಿದರೆ ನಿನ್ನ ಮೆಸೇಜೇ ಮೊದಲು ಕಾಣುತ್ತದೆ. "ಎಷ್ಟ್ ಚೆನ್ನಾಗಿ ಹಾಡ್ದೆ ಕಣೇ ನೀಲಾ, ಶಶಿಕಲಾ ಅತ್ಬಿಟ್ರು." ಅವ್ವನನ್ನು ವ್ಯಾನಿನಲ್ಲಿ ಮಲಗಿಸಿಕೊಂಡು ಊರಿನ ದಾರಿ ಹಿಡಿದಿದ್ದೆವಲ್ಲ, ತುಮಕೂರು ದಾಟುವ ಮೊದಲೇ ಅದು ಬಂತು. ನಾನು ಅವಳ ಕಾಲ ಹತ್ತಿರ ಕೂತಿದ್ದೆ. ಓದಿ, ಇನ್ನೊಮ್ಮೆ ಓದಿ, ಆಗಲೇ ಫೋನು ಮುಚ್ಚಿದೆ. ನಿನ್ನ ಮೇಲೆ ವಿಪರೀತ ಸಿಟ್ಟು ಬಂದಿತ್ತು. ಈಗಲೂ ಇದೆ. ಆದರೆ ನಿನಗೆ ಗೊತ್ತೇ ಇಲ್ಲದ ವಿಷಯಕ್ಕೆ ನಿನ್ನನ್ನು ಬೈದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗುತ್ತದೆ. ಅದಕ್ಕೇ ಎಲ್ಲ ತಿಳಿಸಿಬಿಡೋಣ ಎಂದು ಕೂತಿದ್ದೇನೆ.

ಕೊನೆಯ ಸೆಮಿಸ್ಟರು ಶುರುವಾಗಿದೆ, ಯಾವಾಗ ಬರುತ್ತೀಯ ಎಂದು ಅಪ್ಪನ ಫೋನಿಗೆ ಮಾಡಿ ನೀನು ಕೇಳಿದ್ದೆ. ಹಾಜರಾತಿಯನ್ನು ಶಶಿಕಲಾ ಮೇಡಂ ನೋಡಿಕೊಳ್ಳುತ್ತಾರೆ ಎಂದೂ ಹೇಳಿದ್ದೆ. (ಟೀಚರುಗಳನ್ನು ಬರೀ ಹೆಸರು ಹಿಡಿದು ಕರೆಯಬೇಕು ಎಂದು ನಮ್ಮ ಕಾಲೇಜು ಮೂರು ವರ್ಷ ತಿದ್ದಿತು. ನನ್ನ ಕೈ ಇನ್ನೂ ತಿದ್ದಿಕೊಂಡಿಲ್ಲ.) ಬರುತ್ತೇನೋ ಇಲ್ಲವೋ ನನಗೆ ಗೊತ್ತಿಲ್ಲ ಕಣೇ. ಅವ್ವ ಸತ್ತು ಇಷ್ಟು ದಿನವಾಯಿತು, ನಾನು ಇನ್ನೂ ಅತ್ತಿಲ್ಲ. ನೀನು ನೋಡಿದ್ದು ಅಳುವಲ್ಲ. ಅವಳಿಗಾಗಿ ಒಂದು ಸಲ ಅಳದೆ ನಾನು ಯಾವ ತರಗತಿಯಲ್ಲಿ ಹೋಗಿ ಕೂರಲಿ?

ಅಪ್ಪ ಮಾತ್ರ ಹೋಗು ಅನ್ನುತ್ತಾನೆ. ನಿನಗೆ ಗೊತ್ತಲ್ಲ, ಸೆಂಟ್ರಿಂಗ್ ಕೆಲಸದ ಮಲಕಪ್ಪ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಮೊನ್ನೆ ಕೆಲಸಕ್ಕೆ ಹೊರಟವನು ಚಪ್ಪಲಿ ಹಾಕಿಕೊಳ್ಳುತ್ತ, "ಅವ್ವ ಹೋದಳಂತ ಸಾಲಿ ಬಿಡಬ್ಯಾಡ. ಆಕಿಗೆ ಅದೊಂದ ಆಸೆ ಇತ್ತು" ಎಂದು ಹೇಳಿ ತಿರುಗಿ ನೋಡದೆ ಹೋದ. ಅದು ನಿಜವೇ. ನಾನು ಏನು ಓದುತ್ತೇನೆ ಎಂದು ವಠಾರದವರು ಕೇಳಿದಾಗ ಅವ್ವನಿಗೆ ಹೇಳಲು ಬರುತ್ತಿರಲಿಲ್ಲ. ಆರ್ಟ್ಸ್ ಅಂದರೆ ಚಿತ್ರ ಬರೆಯೋದು ಎಂದುಕೊಂಡು ಪಕ್ಕದ ಮನೆಯ ಈಶ್ವರಮ್ಮ ತನ್ನ ಗಂಡನ ಆಟೋ ಹಿಂದೆ ಹುಲಿ ಬರೆದುಕೊಡು ಎಂದು ಗಂಟು ಬಿದ್ದಿದ್ದಳು. ಇಲ್ಲವ್ವ, ಚರಿತ್ರೆ, ತರ್ಕ, ನಾಟಕ, ಗಿಡಮರ, ಸ್ವಲ್ಪ ಗಣಿತ ಅಂತ ನಾನು ವಿವರಿಸಿದೆ. ಅವ್ವ ಎಲ್ಲ ಕೇಳಿ, "ಹಂಗಾದ್ರ ಏನೂ ಬಿಡಂಗಿಲ್ಲೇನು?" ಅಂದಳು. ಅಂದಿನಿಂದ ವಠಾರಕ್ಕೆಲ್ಲ ಒಂದೇ ಉತ್ತರ: ನನ್ನ ಮಗಳು ಎಲ್ಲಾ ಓದಾಕತ್ತಾಳ. ಇದನ್ನು ಹೇಳಿದಾಗ ನೀನು ಹಾಸ್ಟೆಲಿನ ಮೆಟ್ಟಿಲ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ನಮ್ಮಿಬ್ಬರ ಸ್ನೇಹವೂ ವಿಚಿತ್ರವೇ. ಬೊಮ್ಮನಹಳ್ಳಿಯಲ್ಲಿ ಅರ್ಧ ರಸ್ತೆಯಷ್ಟು ಮನೆಗಳನ್ನು ಬಾಡಿಗೆಗೆ ಬಿಟ್ಟಿರುವ ವೆಂಕಟಪ್ಪನವರ ಮಗಳು ನೀನು. ನಗರದ ಈ ತುದಿಯಲ್ಲಿ ಅಂಥದೇ ಬಾಡಿಗೆ ಕೋಣೆಯಿಂದ ಬಂದವಳು ನಾನು. ಎಲೆಕ್ಟ್ರಾನಿಕ್ ಸಿಟಿ ದಾಟಿ ನೀಲಗಿರಿ ತೋಪಿನ ನಡುವೆ ಆ ಪುಟ್ಟ ಕಾಲೇಜು ಇಲ್ಲದಿದ್ದರೆ ನಾವಿಬ್ಬರೂ ಒಂದು ಬೆಂಚಿನ ಮೇಲೆ ಕೂರುತ್ತಿರಲಿಲ್ಲ. ಬೆಂಚು ಎಲ್ಲಿತ್ತು ಬಿಡು, ಎಲ್ಲರೂ ನೆಲದ ಮೇಲೆ ದುಂಡಗೆ ಕೂರುವುದು. ಯಾರು ಏನು ಹೇಳಿದರೂ ತಪ್ಪಿಲ್ಲ, ಎಲ್ಲವೂ 'ಇಂಟರೆಸ್ಟಿಂಗ್'. ಮೊದಲ ವರ್ಷವೆಲ್ಲ ನಾನು ಬಾಯಿ ಬಿಟ್ಟಿರಲಿಲ್ಲ. ಇಂಗ್ಲಿಷಿನಲ್ಲಿ ಒಂದು ವಾಕ್ಯ ಕಟ್ಟುವಷ್ಟರಲ್ಲಿ ಮಾತು ಇನ್ನೆಲ್ಲಿಗೋ ಹೋಗಿರುತ್ತಿತ್ತು. ಗೇಟಿನ ಹೊರಗೆ ಮೆಣಸಿನಕಾಯಿ ಬಜ್ಜಿ ತಿನ್ನುವಾಗ ನಿನ್ನ ಜೊತೆ ಆಡಿದ ಕನ್ನಡವೇ ನನ್ನ ಇಡೀ ದಿನದ ಮಾತು. ನಾನು 'ಹೊಂಟೀನಿ' ಅಂದರೆ ನೀನು ಅಣಕಿಸುತ್ತಿದ್ದೆ, ನೀನು 'ಬಂದ್ಬಿಟ್ಟೆ' ಅಂದರೆ ನಾನು ಅಣಕಿಸುತ್ತಿದ್ದೆ.

ಆಮೇಲೆ ಬಂತಲ್ಲ, ಶಶಿಕಲಾ ಮೇಡಂ ಅವರ 'ನೆನಪು ಮತ್ತು ದನಿ' ಕೋರ್ಸು. ಯಾವ ಪುಸ್ತಕದಲ್ಲೂ ಇಲ್ಲದ, ಮನೆಯಲ್ಲಿ ಮಾತ್ರ ಕೇಳಿದ ಒಂದನ್ನು ತನ್ನಿ ಎಂದರು. ಚೆನ್ನೈ ಹುಡುಗಿ ಅಜ್ಜಿಯ ಲಾಲಿ ತಂದಳು. ನೀನು ಕೆರೆ ಮುಚ್ಚಿ ಅಪಾರ್ಟ್‌ಮೆಂಟು ಕಟ್ಟಿದವರಿಗೆ ನಿಮ್ಮ ತಾತ ನಂಜಪ್ಪ ದಿನಾ ಬೈಯುವ ಬೈಗುಳಗಳನ್ನೇ ತಂದೆ, ಅವಕ್ಕೂ 'ಇಂಟರೆಸ್ಟಿಂಗ್' ಅಂದರು. ನಾನು ಏನು ತರಲಿ? ಅವ್ವ ಪೀಣ್ಯದ ಕಾರ್ಖಾನೆಯಲ್ಲಿ ನೆಲ ಒರೆಸಿ ಬಂದು ರೊಟ್ಟಿ ತಟ್ಟಿ ಮಲಗುವವಳು. ಹುಡುಕಿದಾಗ ನೆನಪಾದದ್ದು ಒಂದೇ. ನಾನು ಚಿಕ್ಕವಳಿದ್ದಾಗ ಊರಿನಲ್ಲಿ ಅಜ್ಜಿ ಸತ್ತಾಗ ಅವ್ವ ಹಾಡಿ ಅತ್ತದ್ದು.

ಇದನ್ನು ನಿನಗೆ ಅರ್ಧ ಹೇಳಿದ್ದೆ, ಈಗ ಪೂರ್ತಿ ಹೇಳುತ್ತೇನೆ. ನಮ್ಮ ಕಡೆ ಹೆಣದ ಮುಂದೆ ಹೆಂಗಸರು ಸುಮ್ಮನೆ ಅಳುವುದಿಲ್ಲ, ಹಾಡಿ ಅಳುತ್ತಾರೆ. ಸತ್ತವರು ಏನು ಮಾಡುತ್ತಿದ್ದರು, ಏನು ತಿನ್ನುತ್ತಿದ್ದರು, ಯಾರ ಮೇಲೆ ಮುನಿಸಿಕೊಳ್ಳುತ್ತಿದ್ದರು, ಒಂದೊಂದನ್ನೇ ಎತ್ತಿ ಆಡಿಕೊಂಡು ಅಳುವುದು. ಅದನ್ನು ಯಾರೂ ಕಲಿಸುವುದಿಲ್ಲ. ಒಬ್ಬರಿಗೆ ಅತ್ತ ಮಾತು ಇನ್ನೊಬ್ಬರಿಗೆ ಹೊಂದುವುದಿಲ್ಲ. ಸಾವಿಲ್ಲದ ಮನೆಯಲ್ಲಿ ಅದರ ಒಂದು ಸಾಲು ನಾಲಿಗೆಗೆ ಬಂದರೂ ಅಪಶಕುನ. ಪಾತ್ರೆ ತೊಳೆಯುವಾಗ ನಾನು ಅದೇ ಧಾಟಿಯಲ್ಲಿ ಗುನುಗಿದ್ದಕ್ಕೆ ಅವ್ವ ಒಮ್ಮೆ ಬೆನ್ನಿಗೆ ಗುದ್ದಿದ್ದಳು.

ಆದರೂ ಆ ಶನಿವಾರ ಎರಡು ಬಸ್ಸು ಬದಲಿಸಿ ಮನೆಗೆ ಬಂದು ಅವಳನ್ನೇ ಕೇಳಿದೆ. ಅಜ್ಜಿಗೆ ಅತ್ತದ್ದನ್ನು ಇನ್ನೊಮ್ಮೆ ಹೇಳವ್ವ, ಬರೆದುಕೊಳ್ಳಬೇಕು ಅಂದೆ. ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿ, "ಯಾರ ಸತ್ತಾರ?" ಎಂದು ಕೇಳಿದಳು. ಯಾರೂ ಇಲ್ಲ, ಕಾಲೇಜಿಗೆ ಬೇಕು ಅಂದೆ. "ಅದು ಹೇಳಿಕೊಡೂದಲ್ಲವ್ವ. ಹೊತ್ತು ಬಂದಾಗ ತಾನ ಬರ್ತದ" ಎಂದು ಮತ್ತೆ ಹಿಟ್ಟಿಗೆ ಕೈ ಹಾಕಿದಳು. ನಾನು ಎಷ್ಟು ಗೋಗರೆದರೂ ಬಾಯಿ ಬಿಡಲಿಲ್ಲ.

ನನಗೆ ನೆನಪಿದ್ದದ್ದು ಒಂದೇ ಒಂದು ನುಡಿ.

ರೊಟ್ಟಿ ತಟ್ಟೂ ಕೈ ತಣ್ಣಗಾತಲ್ಲ ಹಡದವ್ವ,
ಒಲಿ ಮ್ಯಾಲಿನ ಹಂಚು ಇನ್ನೂ ಬಿಸಿ ಐತೆಲ್ಲ.

ಇಷ್ಟಕ್ಕೆ ಯಾರು ಅಂಕ ಕೊಡುತ್ತಾರೆ? ಉಳಿದದ್ದನ್ನು ನಾನು ತುಂಬಿದೆ. ಅಜ್ಜಿಯ ವಿಷಯ ನನಗೆ ಏನೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅವ್ವನ ವಿಷಯ. ಅವಳ ಹಿಮ್ಮಡಿಯ ಬಿರುಕು ಹಾಕಿದೆ, ಕಾರ್ಖಾನೆಯ ಸೋಪಿನಿಂದ ಬಿಳಚಿಕೊಂಡ ಅವಳ ಬೆರಳು ಹಾಕಿದೆ. ಆಮೇಲೆ ಆ ನುಡಿ, ಎಲ್ಲರೂ ಮೆಚ್ಚಿದ್ದು.

ನಸಕಿನ್ಯಾಗ ಬಸ್ಸಿಗೆ ಓಡಾಕಿ ಹಡದವ್ವ,
ಇವತ್ತ್ಯಾಕ ಅವಸರ ಇಲ್ಲಲ್ಲ.

ನನ್ನಜ್ಜಿ ಜನ್ಮದಲ್ಲಿ ಬಸ್ಸಿಗೆ ಓಡಿದವಳಲ್ಲ ಪ್ರಿಯಾಂಕಾ. ಅವಳ ಊರಿಗೆ ಬಸ್ಸೇ ಇರಲಿಲ್ಲ. ತಲೆಮಾರುಗಳಿಂದ ಬಾಯಿಂದ ಬಾಯಿಗೆ ಬಂದ ಅಳು ಎಂದು ನಾನು ಹೇಳಿದೆ, ಅಷ್ಟು ಜನ ದುಂಡಗೆ ಕೂತಿದ್ದವರಲ್ಲಿ ಒಬ್ಬರೂ ಆ ಬಸ್ಸು ಎಲ್ಲಿಂದ ಬಂತು ಎಂದು ಕೇಳಲಿಲ್ಲ. ಹಳೆಯ ಹಾಡು ಹೊಸ ಕಾಲವನ್ನು ಒಳಗೆ ಬಿಟ್ಟುಕೊಂಡ ಬಗೆ ಎಂದು ಮೇಡಂ ವಿವರಿಸಿದರು. ಅಂದು ನನಗೆ ಎಷ್ಟು ಸಂತೋಷವಾಗಿತ್ತು ಗೊತ್ತಾ? ಮೊದಲ ಸಲ ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಅವ್ವ ಜೀವಂತ ಇರುವಾಗಲೇ ನಾನು ಅವಳ ಹೆಣಕ್ಕೆ ಅಳುತ್ತಿದ್ದೇನೆ ಎಂಬುದು ನನಗೆ ತೋಚಲೇ ಇಲ್ಲ.

ಉಳಿದದ್ದು ನಿನಗೇ ಗೊತ್ತು. ಕಾಲೇಜಿನ ಓಪನ್ ಡೇಗೆ ಇದನ್ನು ಹಾಡಲೇಬೇಕು ಎಂದು ನೀನೇ ಬೆನ್ನು ಹತ್ತಿದೆ. ವಾರವೆಲ್ಲ ತಾಲೀಮು. ನೀನು ಫೋನಿನಲ್ಲಿ ಶ್ರುತಿ ಹಾಕಿದೆ, ಉಸಿರು ಎಲ್ಲಿ ಎಳೆಯಬೇಕು ಎಂದು ಗುರುತು ಮಾಡಿದೆ, ನಾನು ಒಂದು ಸಾಲು ಹಾಡಿ ನಿಂತರೆ ನೀನು ಅದರ ಇಂಗ್ಲಿಷು ಹೇಳುವುದು ಎಂದು ಏರ್ಪಾಡಾಯಿತು. "ಅಳು ಬಂದಂಗಿರ್ಬೇಕು, ಆದ್ರೆ ಅಳ್ಬಾರ್ದು ಕಣೇ, ವಾಯ್ಸ್ ಹೋಗುತ್ತೆ" ಅಂದಿದ್ದೆ. ನಾನು ಚೆನ್ನಾಗಿಯೇ ಕಲಿತೆ. ನೀನು ಚಪ್ಪಾಳೆ ಮುಗಿಯುವವರೆಗೂ ವಿಡಿಯೊ ಮಾಡಿ ಹಾಕಿದೆ, ಎಷ್ಟೋ ಜನ ನೋಡಿದರು. ನಾನು ಮನೆಯಲ್ಲಿ ಆ ಸುದ್ದಿಯನ್ನೇ ಎತ್ತಲಿಲ್ಲ.

ದೀಪಾವಳಿ ಹೊತ್ತಿಗೆ ಅವ್ವನ ಕಣ್ಣು ಹಳದಿಯಾಯಿತು. "ಕಾಮಣಿ ಆಗೇತಿ, ಎಲ್ಲಾರಿಗೂ ಆಗ್ತದ" ಎಂದು ನಾಟಿ ಔಷಧಿ ಕುಡಿದು ಕೆಲಸಕ್ಕೆ ಹೋದಳು. ಆಸ್ಪತ್ರೆಗೆ ಸೇರಿಸುವಾಗ ತಡವಾಗಿತ್ತು ಎಂದರು. ಸಂಕ್ರಾಂತಿ ಕಳೆದು ಹೋದಳು. ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಸಂಬಂಧ ಕಟ್ಟಬಾರದು ಎಂದು ತರ್ಕದ ತರಗತಿಯಲ್ಲಿ ನಾನೇ ಪ್ರಬಂಧ ಬರೆದಿದ್ದೇನೆ. ಈಗ ಹಗಲೆಲ್ಲ ಆ ಕಾಗೆಯನ್ನೇ ನೋಡುತ್ತ ಕೂತಿದ್ದೇನೆ. ನನ್ನ ಹಾಡಿನಿಂದ ಅವಳು ಸಾಯಲಿಲ್ಲ ಎಂದು ನನ್ನ ತಲೆಗೆ ಗೊತ್ತು. ತಲೆಗೆ ಗೊತ್ತಿದ್ದರೆ ಏನು ಬಂತು.

ಇನ್ನು ಆ ದಿನದ ವಿಷಯ. ಅವ್ವನನ್ನು ವಠಾರದ ಅಂಗಳದಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ವ್ಯಾನು ಬರುವವರೆಗೆ ಇಲ್ಲೇ ಅಳಬೇಕು, ಮಿಕ್ಕದ್ದು ಊರಿನಲ್ಲಿ. ನಮ್ಮ ಕಡೆಯ ಹೆಂಗಸರು ಪೀಣ್ಯದಿಂದ, ಜಾಲಹಳ್ಳಿಯಿಂದ, ಕಟ್ಟಡದ ಕೆಲಸ ಬಿಟ್ಟು ಸಿಮೆಂಟಿನ ಕೈಯಲ್ಲೇ ಬಂದು ಸುತ್ತ ಕೂತರು. ಅವ್ವನ ತಂಗಿ ಸಿದ್ದಮ್ಮ ಚಿಕ್ಕವ್ವ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಿಂದ ಓಡಿ ಬಂದಿದ್ದಳು. ಅವಳು ಹಾಡಿ ಅತ್ತಳು, ಉಳಿದವರು ದನಿ ಕೂಡಿಸಿದರು. ಆಮೇಲೆ ಎಲ್ಲರೂ ನನಗಾಗಿ ಸುಮ್ಮನಾದರು. ಹಡೆದವಳಿಗೆ ಮಗಳು ಅಳದೆ ಹೆಣ ಎತ್ತುವುದಿಲ್ಲ. ನಾನು ಬಾಯಿ ತೆರೆದರೆ ಏನೂ ಬರಲಿಲ್ಲ. ಮನೆ ಮಾಲೀಕರಾದ ಚಿಕ್ಕಮುನಿಯಮ್ಮ, ಬಾಡಿಗೆ ವಿಷಯದಲ್ಲಿ ಅಷ್ಟು ಗಟ್ಟಿ ಹೆಂಗಸು, ನನ್ನ ತಲೆ ಸವರಿ, "ಅತ್ಬುಡವ್ವ, ಇಂಗೆ ಕಲ್ಲಂಗೆ ಕೂತ್ರೆ ಎಂಗೆ? ಎದೆ ಅಗುರಾಯ್ತದೆ" ಎಂದರು.

ಆಗ ಗೇಟಿನ ಹತ್ತಿರ ಕಾಲೇಜಿನ ವ್ಯಾನು ನಿಂತಿತು. ನೀನು ಇಳಿದೆ, ಮೇಡಂ ಇಳಿದರು, ಹಿಂದೆ ಇನ್ನೂ ಕೆಲವರು. ನೀವು ಚಪ್ಪಲಿ ಬಿಟ್ಟು ಅಂಗಳದಂಚಿಗೆ ಬಂದು ಕೈಕಟ್ಟಿ ನಿಂತಿರಿ. ನಿಮ್ಮನ್ನು ನೋಡಿದೊಡನೆ ನನ್ನ ದನಿ ತೆರೆಯಿತು. ನೀಟಾಗಿ ತೆರೆಯಿತು ಕಣೇ. ಶ್ರುತಿಗೆ ಸರಿಯಾಗಿ, ನೀನು ಗುರುತು ಮಾಡಿದ ಕಡೆಯೇ ಉಸಿರು ಎಳೆದು, ರೊಟ್ಟಿ ತಟ್ಟೂ ಕೈ ಎಂದು ಶುರು ಮಾಡಿದೆ. ಅವ್ವನ ಮುಖದ ಕಡೆ ನೋಡಲಿಲ್ಲ, ನಿಮ್ಮ ಕಡೆ ನೋಡಿ ಹಾಡಿದೆ. ಮೊದಲ ಸಾಲು ಮುಗಿಸಿ ನಿಂತೆ. ಯಾಕೆ ನಿಂತೆ ಗೊತ್ತಾ? ನೀನು ಇಂಗ್ಲಿಷಿನಲ್ಲಿ ಹೇಳಲಿ ಎಂದು ನಿಂತೆ.

ನೀನು ಹೇಳಲಿಲ್ಲ, ಪಾಪ, ಕಣ್ಣೊರೆಸಿಕೊಳ್ಳುತ್ತಿದ್ದೆ. ನಾನು ಎರಡನೆಯ ಸಾಲು ಹಾಡಿದೆ, ಮತ್ತೆ ನಿಂತೆ. ಹೆಂಗಸರು ಯಾರೂ ದನಿ ಕೂಡಿಸಲಿಲ್ಲ. ಬಸ್ಸಿನ ನುಡಿಗೆ ಬರುವಷ್ಟರಲ್ಲಿ ಸಿದ್ದಮ್ಮ ಚಿಕ್ಕವ್ವ ನನ್ನ ಬಾಯಿ ಮೇಲೆ ಕೈ ಇಟ್ಟಳು. ನಿನಗೆ ಅದು ಸಮಾಧಾನ ಮಾಡಿದ ಹಾಗೆ ಕಂಡಿರಬೇಕು. ಅವಳು ನನ್ನ ಕಿವಿಯಲ್ಲಿ ಕೇಳಿದ್ದು, "ಯಾರಿಗೆ ಹಾಡಾಕತ್ತಿಯವ್ವ?" ಎಂದು. ಆಮೇಲೆ ಊರಿಗೆ ಒಯ್ಯುವ ವ್ಯಾನು ಬಂತು. ಅವ್ವನನ್ನು ಮಗಳ ಅಳು ಇಲ್ಲದೆಯೇ ಎತ್ತಿದರು. ಊರಲ್ಲಿ ಮಣ್ಣು ಮಾಡುವಾಗಲೂ ನಾನು ಬಾಯಿ ತೆರೆಯಲಿಲ್ಲ, ತೆರೆಯಲು ಹೆದರಿಕೆಯಾಯಿತು.

ಇದು ನನ್ನ ಉತ್ತರ. ಅಳು ಹೊತ್ತು ಬಂದಾಗ ತಾನೇ ಬರುತ್ತದೆ ಎಂದಿದ್ದಳು ಅವ್ವ. ಹೊತ್ತು ಬಂತು, ಅಳು ಬರಲಿಲ್ಲ, ಅದರ ಜಾಗದಲ್ಲಿ ನಾವು ತಾಲೀಮು ಮಾಡಿದ್ದು ಬಂತು. ಈಗ ಅವಳ ಸೀರೆ ಮಡಚುವಾಗ ಎದೆಯೊಳಗೆ ಏನೋ ಎದ್ದರೆ ಸಾಕು, ಮುಂದಿನ ಸಾಲು ಯಾವುದು, ಉಸಿರು ಎಲ್ಲಿ ಎಂದು ತಲೆ ಲೆಕ್ಕ ಹಾಕುತ್ತದೆ, ಎದ್ದದ್ದು ಹಾಗೇ ಕೂತುಬಿಡುತ್ತದೆ. ಮೇಡಂ ಕೆಟ್ಟವರಲ್ಲ. ನೀನಂತೂ ಅಲ್ಲವೇ ಅಲ್ಲ. ಆದರೆ ಆ ದುಂಡಗಿನ ತರಗತಿಗೆ ಬಂದು ಕೂತರೆ ಯಾರಾದರೂ ಇದನ್ನೂ ಇಂಟರೆಸ್ಟಿಂಗ್ ಅನ್ನುತ್ತಾರೆ. ನಾನೂ ಇದನ್ನು ಚೆನ್ನಾಗಿ ಹೇಳಲು ಕಲಿತುಬಿಡುತ್ತೇನೆ. ಈ ಕಾಗದವನ್ನೇ ನೋಡು, ಎಷ್ಟು ಅಚ್ಚುಕಟ್ಟಾಗಿ ಬರೆಯುತ್ತಿದ್ದೇನೆ. ಅದನ್ನು ನೆನೆದರೆ ಭಯವಾಗುತ್ತದೆ.

ಆದ್ದರಿಂದ ನನ್ನ ಹಾಸಿಗೆಯನ್ನು ಬೇರೆ ಯಾರಿಗಾದರೂ ಕೊಡುವುದಿದ್ದರೆ ಕೊಡಲು ಹೇಳು. ಅಪ್ಪನಿಗೆ ನಾನೇ ಹೇಗೋ ಹೇಳುತ್ತೇನೆ. ನಿನ್ನಿಂದ ಒಂದೇ ಉಪಕಾರ ಆಗಬೇಕು. ಆ ವಿಡಿಯೊ ತೆಗೆದುಹಾಕು. ಅವ್ವನ ಕಣ್ಣಿಗೆ ಅದು ಬೀಳಲಿಲ್ಲ ಎಂಬುದೊಂದೇ ನನಗೆ ಉಳಿದಿರುವ ನೆಮ್ಮದಿ. ಇನ್ನು ಯಾರ ಕಣ್ಣಿಗೂ ಬೀಳುವುದು ಬೇಡ.

ನಂಜಪ್ಪ ತಾತನಿಗೆ ನಮಸ್ಕಾರ ಹೇಳು.

ನಿನ್ನ
ನೀಲಾಂಬಿಕಾ

ಮರೆಯುವ ಮುನ್ನ: ಸಹಿ ಹಾಕಿ ಮಡಚಿಟ್ಟ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಮಧ್ಯಾಹ್ನ ಸಿದ್ದಮ್ಮ ಚಿಕ್ಕವ್ವ ರೊಟ್ಟಿ ಕಟ್ಟಿಕೊಂಡು ಬಂದಿದ್ದಳು. ಮಾತಿನ ನಡುವೆ ಹೇಳಿದಳು. ಅವ್ವ ಅದನ್ನು ನೋಡಿದ್ದಳಂತೆ. ಗಾರ್ಮೆಂಟ್ಸಿನಲ್ಲಿ ಯಾರೋ, ನಿಮ್ಮ ಕಡೆ ಹಾಡು ನೋಡಕ್ಕ ಎಂದು ಚಿಕ್ಕವ್ವನ ಫೋನಿಗೆ ಕಳಿಸಿದ್ದರಂತೆ. ಆಸ್ಪತ್ರೆಯಲ್ಲಿ ಮಲಗಿದ್ದವಳಿಗೆ ಇವಳು ತೋರಿಸಿದಳು. ಮೊದಲ ಸಾಲಿಗೇ ಅವ್ವ ಎದ್ದು ಕೂತಳಂತೆ. ಬಸ್ಸಿನ ನುಡಿ ಬಂದಾಗ, ಇದು ನಮ್ಮವ್ವಂದಲ್ಲ, ನಂದು ಅಂದಳಂತೆ. ನಾನು ಹೆದರಿ, ಬೈದಳಾ ಎಂದು ಕೇಳಿದೆ. ಬೈಯಲಿಲ್ಲ. "ಎಲ್ಲಾರಿಗೂ ಸತ್ತ ಮ್ಯಾಲ ಅಳ್ತಾರ. ನಾ ಬದುಕಿದ್ದಾಗ ಕೇಳಿದೆ ಬಿಡು" ಎಂದು ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದಳಂತೆ. ನನಗೆ ತಿಳಿಸಬೇಡ ಎಂದು ಚಿಕ್ಕವ್ವನ ಕೈಯಲ್ಲಿ ಆಣೆ ಹಾಕಿಸಿಕೊಂಡಳಂತೆ. ಒಂದು ಮಾತು ಮಾತ್ರ ಅವಳಿಗೆ ಕೊನೆಯವರೆಗೂ ತಿಳಿಯಲಿಲ್ಲವಂತೆ, ಪ್ರತಿ ಸಲವೂ ಕೇಳುತ್ತಿದ್ದಳಂತೆ: "ಹೆಣದ ಮುಂದ ಕುಂತು ಮಂದಿ ಚಪ್ಪಾಳಿ ಯಾಕ ಹೊಡ್ಯಾಕತ್ತಾರ?"